ವೀರಭದ್ರಯ್ಯ ಸುಟ್ಟ ಮಣ್ಣು

ಚಾಮರಾಜಪೇಟೆಯ ವೀರಭದ್ರಯ್ಯನವರು ಸರ್ಕಾರಿ ಪ್ರಯೋಗಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಮಣ್ಣು ಸುಟ್ಟವರು. ಒಣಮಣ್ಣನ್ನು ತೂಗುವುದು, ಪುಟ್ಟ ಬಟ್ಟಲಿನಲ್ಲಿ ಕೆಂಪಗೆ ಕಾಯಿಸುವುದು, ಮತ್ತೆ ತೂಗುವುದು. ಎಷ್ಟು ತೂಕ ಇಳಿಯಿತೋ ಅಷ್ಟು ಕೊಳೆತ ಎಲೆ, ಬೇರಿನ ಸಾರ ಆ ಮಣ್ಣಿನಲ್ಲಿತ್ತು ಎಂದರ್ಥ. ತರಗುಪೇಟೆಯಲ್ಲಿ ಬೇಳೆ ತೂಗುವವರ ಮನೆಯಲ್ಲಿ ಹುಟ್ಟಿದ್ದಕ್ಕೋ ಏನೋ, ತಕ್ಕಡಿ ಕಂಡರೆ ಅವರ ಉಸಿರೂ ನಿಧಾನವಾಗುತ್ತಿತ್ತು.

1951ರ ಶ್ರಾವಣದಲ್ಲಿ ಹೆಂಡತಿ ರುದ್ರಾಣಿ ತೀರಿಕೊಂಡರು. ಹನ್ನೆರಡು ದಿನ ಕಳೆದು ಕೆಲಸಕ್ಕೆ ಬಂದ ವೀರಭದ್ರಯ್ಯನವರಿಗೆ ಅಳುವೂ ಬರುತ್ತಿರಲಿಲ್ಲ, ಹಸಿವೂ ತಿಳಿಯುತ್ತಿರಲಿಲ್ಲ. ಮೇಜಿನ ಮೇಲೆ ಎರಡು ಚೀಲಗಳಿದ್ದವು. ಒಂದು ಹಳೆಯ ಕಾಡಿನ ಮಣ್ಣು. ಇನ್ನೊಂದು, ಅದೇ ಕಾಡಿನ ಅರ್ಧವನ್ನು ಕಡಿದು ಇಪ್ಪತ್ತು ವರ್ಷದ ಹಿಂದೆ ತೇಗ ನೆಟ್ಟ ತೋಪಿನ ಮಣ್ಣು. ಉಳಿದರ್ಧವನ್ನೂ ಕಡಿದು ತೇಗ ನೆಡಬಹುದೇ ಎಂಬುದು ಇವರ ವರದಿಯ ಮೇಲೆ ನಿಂತಿತ್ತು. ಸುಟ್ಟು ನೋಡಿದರೆ, ತೋಪಿನ ಮಣ್ಣಿನಲ್ಲಿ ಕಾಡಿನ ಅರ್ಧದಷ್ಟೂ ಸಾರವಿರಲಿಲ್ಲ.

ಮೇಲಧಿಕಾರಿ ವೆಂಕಟಾಚಲ ಅವರಿಗೆ ಇದು ಹಿಡಿಸಲಿಲ್ಲ. ತೇಗ ಅಷ್ಟೊಂದು ಎಲೆ ಉದುರಿಸುವಾಗ ಮಣ್ಣು ಬಡವಾಗುವುದು ಹೇಗೆ ಎಂದು ವಾದಿಸಿದರು. ಕೋಣೆ ಬಿಟ್ಟು ಕಾಡು ಕಂಡವರಲ್ಲ ಅವರು. ಆಮೇಲೆ ವೀರಭದ್ರಯ್ಯನವರ ಹಣೆಯನ್ನೇ ದಿಟ್ಟಿಸಿದರು.

“ದಿನಾ ವಿಭೂತಿ ಹಚ್ಕೊಂಡ್ ಬರ್ತೀರಿ. ಕಾಡಿನ ಮಣ್ಣಿಗೆ ಅದು ಉದುರಿದೆ, ಅದಕ್ಕೇ ಸಾರ ಜಾಸ್ತಿ ತೋರಿಸಿದೆ. ನಿಮ್ಮದೇ ತಪ್ಪು ಅಂತ ಬರ್ಕೊಡಿ.”

ವಿಭೂತಿಯೆಂದರೆ ಬೂದಿ. ಆಗಲೇ ಸುಟ್ಟದ್ದು ಇನ್ನೊಮ್ಮೆ ಸುಡುವುದಿಲ್ಲ. ಅದು ಬೆರೆತಿದ್ದರೆ ಕಾಡಿನ ಸಾರ ಕಡಿಮೆ ತೋರಬೇಕಿತ್ತೇ ಹೊರತು ಹೆಚ್ಚಲ್ಲ. ಇಷ್ಟು ಹೇಳಿದ್ದರೆ ವೆಂಕಟಾಚಲ ಅವರ ಬಾಯಿ ಕಟ್ಟುತ್ತಿತ್ತು. ಆದರೆ ವಿಭೂತಿ, ಮಣ್ಣು ಎಂಬೆರಡು ಮಾತು ಒಟ್ಟಿಗೆ ಕಿವಿಗೆ ಬಿದ್ದದ್ದೇ ತಡ, ರುದ್ರಾಣಿಯ ಸಮಾಧಿಗೆ ವಿಭೂತಿ ಗಟ್ಟಿಗಳನ್ನಿಟ್ಟು, ಮೇಲೆ ಹಿಡಿ ಮಣ್ಣು ಹಾಕಿದ್ದು ಕಣ್ಣೆದುರು ನಿಂತಿತು. ಯಾವ ಮಣ್ಣು ಏನಾದರೇನು ಅನ್ನಿಸಿತು. ಬರೆದುಕೊಟ್ಟರು.

ಮೂರು ವರ್ಷದ ಮೇಲೆ ಅದೇ ಜಾಗದ ಮಣ್ಣನ್ನು ಫಾರೆಸ್ಟ್ ಗಾರ್ಡ್ ನಂಜಪ್ಪ ಹೊತ್ತು ತಂದ. ಹೊಸ ತೇಗದ ಸಸಿ ಏಳುತ್ತಿಲ್ಲವಂತೆ, ಯಾಕೆಂದು ನೋಡಬೇಕಂತೆ. ಹೋಲಿಸಲು ಕಾಡಿನ ಮಣ್ಣೂ ಬೇಕಲ್ಲ ಎಂದು ವೀರಭದ್ರಯ್ಯನವರು ಕೇಳಿದರು.

“ಕಾಡೆಲ್ಲಿದೆ ಸ್ವಾಮಿ? ನಿಮ್ ಕಾಗ್ದ ಬಂದ ವರ್ಷಾನೇ ಕಡಿದ್ವಲ್ಲ.”

ವೀರಭದ್ರಯ್ಯನವರು ಚೀಲದ ಬಾಯಿ ಬಿಚ್ಚಿ ಹಿಡಿ ಮಣ್ಣು ತೆಗೆದರು.

“ನಂದು ತಪ್ಪಾಗಿರ್ಲಿಲ್ಲ, ನಂಜಪ್ಪ” ಎಂದರು.

ನಂಜಪ್ಪ ಹೂಂಗುಟ್ಟಿ, ರಸೀದಿಗೆ ಸಹಿ ಹಾಕಿಸಿಕೊಂಡು ಹೊರಟುಹೋದ.