ನಂಜನಗೂಡಿನ ಹೆಸರುಗಳಲ್ಲಿ ಸಿಕ್ಕಿಬಿದ್ದ ಸರ್ವರ್

ಎರಡು ಸಾವಿರದ ಇಸವಿಯ ಆಚೀಚೆ. ವರ್ಷ ಖಚಿತವಾಗಿ ಹೇಳಿದರೆ ನನ್ನನ್ನು ನಾನೇ ನಂಬುವುದಿಲ್ಲ. ನಂಜನಗೂಡಿನ ಒಂದು ಕಣ್ಣಾಸ್ಪತ್ರೆಯಲ್ಲಿ ಹಳೆಯ ರೋಗಿಗಳ ವಿವರ ಹುಡುಕುವ ಕಂಪ್ಯೂಟರ್ ವಿಪರೀತ ನಿಧಾನವಾಗಿತ್ತು. ಸಾಲು ಬಾಗಿಲು ದಾಟಿ ರಸ್ತೆಗಿಳಿದಿತ್ತು. ಪ್ರೋಗ್ರಾಂ ಬರೆದ ದೂರದ ಕಂಪನಿ ಮುಚ್ಚಿಹೋಗಿದ್ದರಿಂದ ತಿ. ನರಸೀಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಕರೆಸಿದ್ದರು. ಡೇಟಾಬೇಸಿನ ಕೆಲಸ ಸಿಕ್ಕಿದ್ದು ಅದೇ ಮೊದಲು. ಕೈತಪ್ಪಿದರೆ ಮತ್ತೆ ಕೀಬೋರ್ಡಿನ ಧೂಳು ಒರೆಸುವುದೇ.

"ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಸರ್ವರ್ ಎತ್ಕೊಂಡೋಗಿ ಕಣ್ರೀ. ನಾವು ಮತ್ತೆ ಚೀಟಿ ಬರೀತೀವಿ" ಎಂದರು ಡಾಕ್ಟರು.

ಮೆಮೊರಿ ಹೆಚ್ಚಿಸಿದೆ. ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ.

ಸಾಲಿನ ಮುಂದಿದ್ದ ಕವಲಂದೆಯ ಮುದುಕರು ಕೌಂಟರಿಗೆ ಬಾಗಿದರು. "ಏನ್ ಸಾ, ಕಣ್ ಕಾಣಲ್ಲ ಅಂತ ನಾನ್ ಬಂದ್ರೆ, ನಿಮ್ ಮಿಸನ್ಗೂ ನಾನ್ ಕಾಣಲ್ವಾ?"

ಸಾಲೆಲ್ಲ ನಕ್ಕಿತು. ಅವರ ಹೆಸರು 'ನಂಜ' ಎಂದು ಶುರುವಾಗುತ್ತಿತ್ತು; ಒತ್ತಿದರೆ ಪರದೆ ಮಿಸುಕಲಿಲ್ಲ. ಹಿಂದಿದ್ದವರ ಹೆಸರು 'ಫ' ಎಂದು ಶುರು. ಬೆರಳೆತ್ತುವ ಮೊದಲೇ ವಿವರ ಬಂತು.

ಈ ಕಥೆ ಹೇಳುವಾಗೆಲ್ಲ ಇಲ್ಲಿ ನಾನೊಂದು ಬೆಂಚು ಸೇರಿಸುತ್ತೇನೆ: 'ನಂಜಮ್ಮ' ಎಂದು ಕೂಗಿದರು, ಅದರ ಮೇಲೆ ಕೂತ ಹೆಂಗಸರೆಲ್ಲ ಎದ್ದರು, ನನಗೆ ಹೊಳೆಯಿತು. ಸುಳ್ಳು. ಹೊಳೆಯಲಿಲ್ಲ. ಕೌಂಟರಿನ ಹೆಂಗಸಿನ ಪಕ್ಕ ಕೂತು ಒಂದೊಂದೇ ಹೆಸರು ಒತ್ತಿಸಿದೆ. 'ನಂಜ' ಎಂದು ಶುರುವಾದವು ನಿಧಾನ, 'ಮಹದೇ' ಎಂದು ಶುರುವಾದವೂ ನಿಧಾನ, ಮಿಕ್ಕವು ಚುರುಕು. ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಇಂಡೆಕ್ಸನ್ನು ತೆರೆದೆ. ಅದು ನೋಡುತ್ತಿದ್ದದ್ದು ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ಅಕ್ಷರ, ಅಷ್ಟೇ. ಬೇರೆ ಊರಿಗೆ ಅದು ಸಾಕಿತ್ತೇನೋ. ಕಪಿಲೆಯ ದಡದ ದೇವರ ಹೆಸರನ್ನೇ ಮನೆಮನೆಯಲ್ಲೂ ಇಡುವ ಈ ಸೀಮೆಯಲ್ಲಿ, ಇಂಡೆಕ್ಸ್ ಒಂದೇ ಥರ ಶುರುವಾಗುವ ಹೆಸರುಗಳ ದೊಡ್ಡ ರಾಶಿಯ ಮುಂದೆ ತಂದು ಬಿಟ್ಟುಬಿಡುತ್ತಿತ್ತು. ಆಮೇಲೆ ಪಾಪ, ಸರ್ವರ್ ಆ ರಾಶಿಯನ್ನೆಲ್ಲ ಮಗುಚಬೇಕು.

ಇಲ್ಲಿ ಯಾರೂ ಬರೀ ಹೆಸರು ಕೇಳುವುದಿಲ್ಲ. ಮೊದಲು "ಯಾವೂರು?" ಎನ್ನುತ್ತಾರೆ. ಇಂಡೆಕ್ಸಿನಲ್ಲಿ ನಾನೂ ಹಾಗೇ ಮಾಡಿದೆ: ಮೊದಲು ಊರು, ಆಮೇಲೆ ಪೂರ್ತಿ ಹೆಸರು. ಹೊಸ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.

"ಯಾವೂರು ಅಜ್ಜ?" ಎಂದಳು ಕೌಂಟರಿನವಳು.

"ಕವಲಂದೆ ಕಣವ್ವ, ಎಷ್ಟ್ ಸಲ ಯೋಳದು!"

ಒತ್ತಿದಳು. ತಕ್ಷಣ ಬಂತು. ಹೆಸರು, ಊರು, ಹೋದ ಸಲದ ಕನ್ನಡಕದ ನಂಬರು.

"ಬಂದ್ನಾ ನಾನು?"

"ಬಂದ್ಬುಟ್ರಿ ಕಣಜ್ಜ!"

ಸಾಲು ರಸ್ತೆಯಿಂದ ಒಳಗೆ ಸರಿಯಿತು, ಮತ್ತೂ ಸರಿಯಿತು. ಡಾಕ್ಟರು, "ನಮ್ಮ ನರಸೀಪುರದ ಕ್ಲಿನಿಕ್ಕಲ್ಲೂ ಇದೇ ಪ್ರೋಗ್ರಾಮು. ನಾಳೆ ಅದನ್ನೂ ನೋಡ್ಬುಡಿ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ ಎಂದು ನನ್ನ ನೆನಪು. ಕುರ್ಚಿ ಮಗುಚಿ ಬೀಳುವಂತೆ ಕುಣಿದೆ ಎನ್ನುತ್ತಾಳೆ ಕೌಂಟರಿನವಳು. ಅವಳನ್ನು ನಂಬಿ.