ಕಾಲಿಗೆ ಇಟ್ಟ ನೀರು

ನನ್ನ ತಮ್ಮ ಬೂಟು ಕಳಚದ ಮನುಷ್ಯ. ಕಾರ್ಕಳದಲ್ಲಿ ಅವನ ವಾರ್ಡಿನ ಜನ ಹಾಗೆ ಹೇಳುತ್ತಿದ್ದರು. ಅಹಂಕಾರಿ ಎಂದೂ ಹೇಳುತ್ತಿದ್ದರು. ಕಾರಣ ನನಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ನಾನು ಕಾಪುವಿನಲ್ಲಿ ನಲವತ್ತು ವರ್ಷ ಮೀನು ಮಾರಿದವಳು. ಬಾಯಿಯೇ ನನ್ನ ಬಂಡವಾಳ. ಆ ಬಾಯಿ ಮುಚ್ಚಿಕೊಂಡು ಒಂದು ಚುನಾವಣೆ ಕಳೆದೆನಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಅವನು ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಮ್ಮ ಸತ್ತ ಮೇಲೆ ಸಾಕಿದವಳು ನಾನು. ಮಿಲಿಟರಿಗೆ ಸೇರಿದ. ಹಿಮದ ಗುಡ್ಡದ ಮೇಲೆ ಯುದ್ಧವಾಯಿತು, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಊರಿಗೆ ಬಂದ ದಿನ ನಾನು ಅಳಲಿಲ್ಲ. "ಉಣ್ಣುವುದು ಕೈಯಲ್ಲಿ ಅಲ್ವಾ, ಕೂತುಕೋ" ಎಂದು ಬಡಿಸಿದೆ. ನೆರೆಕರೆಯವರು ಅತ್ತರು. ತಿಂಗಳುಗಟ್ಟಲೆ ಬಂದು ಬಂದು ಅತ್ತರು. ಅವನನ್ನು ಕಾಪುವಿನಿಂದ ಓಡಿಸಿದ್ದು ಆ ಅಳು.

ಮಣಿಪಾಲದಲ್ಲಿ ಒಳ್ಳೆಯ ಕಾಲು ಮಾಡಿಸಿಕೊಂಡು ಕಾರ್ಕಳಕ್ಕೆ ಹೋದ. ಕಲ್ಲಿನ ಕ್ರಷರಿನ ಹುಡಿ ತಂದು ಸಿಮೆಂಟ್ ಬ್ಲಾಕ್ ಮಾಡತೊಡಗಿದ. ಮೊದಲು ಒಂದು ಅಚ್ಚು, ಆಮೇಲೆ ಮೆಷಿನ್, ಆಮೇಲೆ ಎರಡು ಲಾರಿ. ಮದುವೆಯಾಗಲಿಲ್ಲ, ಅದು ಅವನ ಇಷ್ಟ. ಅಲ್ಲಿಯವರಿಗೆ ಅವನು ಉದ್ದ ಪ್ಯಾಂಟು, ಬೂಟು ಹಾಕಿ ಸ್ವಲ್ಪ ಕುಂಟುವ ಮಾಜಿ ಸೈನಿಕ, ಅಷ್ಟೇ. ಗಂಟುನೋವು ಎಂದುಕೊಂಡರು. ಅವನು ತಿದ್ದಲಿಲ್ಲ.

ಅವನ ವಾರ್ಡಿನಲ್ಲಿ ಪ್ರತಿ ಮಳೆಗಾಲ ಚರಂಡಿ ಉಕ್ಕಿ ಮನೆಯೊಳಗೆ ಬರುತ್ತಿತ್ತು. ಪುರಸಭೆಯಲ್ಲಿ ಜಗಳ ಮಾಡಿ ಮಾಡಿ ಸಾಕಾಗಿ, ಚುನಾವಣೆಗೆ ತಾನೇ ನಿಲ್ಲುತ್ತೇನೆ ಎಂದ. ಉಡುಪಿಯಿಂದ ಒಬ್ಬರು ಮುಖಂಡರು ಬಂದರು. ಕಾಲಿನ ಸುದ್ದಿ ಅವರಿಗೆ ಎಲ್ಲಿಂದಲೋ ಸಿಕ್ಕಿತ್ತು. ನಾನು ಅವತ್ತು ಬೂತಾಯಿ ಮೀನು ತೆಗೆದುಕೊಂಡು ಹೋಗಿದ್ದೆ, ಅಲ್ಲಿಯೇ ಇದ್ದೆ.

"ಟಿಕೆಟ್ ನಿಮಗೇ. ಒಂದು ಫೋಟೋ ಬೇಕು, ಪ್ಯಾಂಟು ಮೇಲೆ ಮಡಚಿ. ಕೆಳಗೆ 'ದೇಶಕ್ಕೆ ಕಾಲು ಕೊಟ್ಟ ವೀರ' ಎಂದು ಹಾಕುವ."

"ನಾನು ಕೊಟ್ಟದ್ದಲ್ಲ ಮಾರಾಯ್ರೆ," ಎಂದ ತಮ್ಮ. "ಅದು ಹೋದದ್ದು. ಹೋದದ್ದನ್ನು ಕೊಟ್ಟೆ ಅಂತ ಹೇಗೆ ಹೇಳುವುದು?"

"ಫೋಟೋ ಇಲ್ಲದಿದ್ದರೆ ಟಿಕೆಟ್ ಕಷ್ಟ ಉಂಟು."

"ಹಾಗಾದ್ರೆ ಟಿಕೆಟ್ ನೀವೇ ಇಟ್ಕೊಳ್ಳಿ. ಊಟ ಮಾಡಿ ಹೋಗಿ, ಅಕ್ಕ ಮೀನು ತಂದಿದ್ದಾಳೆ."

ಅವರು ಉಣ್ಣದೆ ಹೋದರು. ತಮ್ಮ ಪಕ್ಷೇತರನಾಗಿ ನಿಂತ. ನನ್ನನ್ನು ಕರೆದು ಹೇಳಿದ: "ಅಕ್ಕ, ಪ್ರಚಾರಕ್ಕೆ ಬಾ. ಆದರೆ ಕಾಲಿನ ವಿಷಯ ನಿನ್ನ ಬಾಯಿಂದ ಬಂದರೆ ಅವತ್ತೇ ನಾಮಪತ್ರ ವಾಪಸ್." ಮುಖಂಡರೂ ಬಾಯಿ ಬಿಡಲಿಲ್ಲ. ಬಿಟ್ಟರೆ ವೋಟು ಇವನಿಗೆ ಬರುತ್ತದಲ್ಲ!

ನಮ್ಮ ಕಡೆ ಮನೆಗೆ ಬಂದವರಿಗೆ ಮೆಟ್ಟಿಲ ಬಳಿ ಚೆಂಬಿನಲ್ಲಿ ನೀರಿಡುತ್ತಾರೆ. ಚಪ್ಪಲಿ ಕಳಚಿ, ಕಾಲು ತೊಳೆದು ಒಳಗೆ ಹೋಗಬೇಕು. ಆಮೇಲೆ ಬೆಲ್ಲ ನೀರು. ಅವನ ಫೈಬರ್ ಕಾಲನ್ನು ಬೂಟಿನ ಎತ್ತರಕ್ಕೆ ಸರಿಯಾಗಿ ಜೋಡಿಸಿದ್ದು. ಬೂಟು ತೆಗೆದರೆ ದೇಹ ಹಿಂದಕ್ಕೆ ವಾಲುತ್ತದೆ, ಸಾರಿಸಿದ ನೆಲದಲ್ಲಿ ಜಾರುತ್ತದೆ. ಹಾಗಾಗಿ ಅವನು ಅಂಗಳದಲ್ಲಿಯೇ ನಿಂತು ಚರಂಡಿಯ ವಿಷಯ ಹೇಳುತ್ತಿದ್ದ. "ಒಳಗೆ ಬನ್ನಿ" ಎಂದರೆ "ಇಲ್ಲಿಯೇ ಆಗ್ತದೆ" ಎನ್ನುತ್ತಿದ್ದ.

ಮೂರೇ ದಿನದಲ್ಲಿ ಸುದ್ದಿ ಹಬ್ಬಿತು. ದೊಡ್ಡ ಮನೆಯವರು, "ಮಿಲಿಟರಿ ಗತ್ತು" ಎಂದರು. ಕಲ್ಲುಕೋರೆಯಲ್ಲಿ ದುಡಿಯುವವರ ಓಣಿಯಲ್ಲಿ ಹೇಳಿದ್ದು ಬೇರೆ: ನಮ್ಮ ಮನೆಗೆ ಕಾಲಿಡಲು ಅವನಿಗೆ ಹೇಸಿಗೆ. ಇದನ್ನು ಕೇಳಿ ನನಗೆ ಉರಿದುಹೋಯಿತು. ಅವನ ಹತ್ತಿರ ಜಗಳ ಮಾಡಿದೆ.

"ಸೋಲ್ತಿ ಮಾರಾಯ. ಒಂದು ಮಾತು ಹೇಳಿದ್ರೆ ಮುಗೀತದೆ."

"ಹೇಳಿದರೆ ನನ್ನ ಕಾಲು ಗೆಲ್ತದೆ. ನಾನು ಗೆಲ್ಲುವುದಿಲ್ಲ."

ಅದೇ ಓಣಿಗೆ ಮತ್ತೆ ಹೋದೆವು. ಮೊದಲ ಮನೆಯಲ್ಲಿ ನನ್ನ ಪ್ರಾಯದ ಒಬ್ಬಳು ಮುದುಕಿ. ಮೆಟ್ಟಿಲ ಬಳಿ ಚೆಂಬು ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು.

"ಬನ್ನಿ ಒಳಗೆ. ನಮ್ಮ ಮನೆಗೆ ಬಂದ್ರೆ ನಿಮ್ಮ ಬೂಟು ಕರಗ್ತದಾ?"

ಕಾರಣ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ತಮ್ಮ ಮೆಲ್ಲ ಬಗ್ಗಿ ಆ ಚೆಂಬನ್ನು ಕೈಗೆತ್ತಿಕೊಂಡ. ಎಲ್ಲರೂ ಅವನ ಬೂಟನ್ನೇ ನೋಡುತ್ತಿದ್ದರು. ಅವನು ಚೆಂಬು ಎತ್ತಿ ಗಟಗಟ ಕುಡಿದುಬಿಟ್ಟ.

"ಅಯ್ಯಯ್ಯೋ, ಅದು ಕಾಲಿಗೆ ಇಟ್ಟದ್ದು!" ಮುದುಕಿ ಓಡಿ ಬಂದಳು.

"ನಿಮ್ಮ ಬಾವಿಯದ್ದೇ ಅಲ್ವಾ ಅಮ್ಮ? ಒಳಗೆ ಬರ್ಲಿಕ್ಕೆ ಆಗುವುದಿಲ್ಲ, ಕಾರಣ ಕೇಳ್ಬೇಡಿ. ಹೇಸಿಗೆ ಅಂತ ಮಾತ್ರ ಹೇಳ್ಬೇಡಿ. ಬೆಲ್ಲ ಉಂಟಾ?"

ಮುದುಕಿ ಅವನ ಮುಖ ನೋಡಿದಳು. ಒಳಗೆ ಹೋಗಿ ಬೆಲ್ಲ ತಂದಳು. ಒಂದು ಮಣೆಯನ್ನೂ ತಂದು ಅಂಗಳದಲ್ಲಿ ಹಾಕಿದಳು. ಮಣೆಯಲ್ಲಿ ಕೂತರೆ ಅವನಿಗೆ ಏಳಲು ಕಷ್ಟ ಎಂದು ನಾನೇ ಕೂತೆ. ಆ ಓಣಿಯಲ್ಲಿ ಆಮೇಲೆ ಯಾರೂ ಒಳಗೆ ಕರೆಯಲಿಲ್ಲ, ನೀರನ್ನು ಅಂಗಳಕ್ಕೇ ತಂದರು. ಕುಡಿಯುವ ನೀರು, ಲೋಟದಲ್ಲಿ.

ಗೆದ್ದ. ಸ್ವಲ್ಪದರಲ್ಲಿಯೇ ಗೆದ್ದ, ದೊಡ್ಡ ಮನೆಯವರ ವೋಟು ಬರಲಿಲ್ಲ. ಅವರಲ್ಲೊಬ್ಬರು ಆಮೇಲೆ ಮಣಿಪಾಲದಲ್ಲಿ ಅವನು ಕಾಲು ರಿಪೇರಿಗೆ ಕೂತದ್ದನ್ನು ಕಂಡರಂತೆ. ಮಾರನೆಯ ದಿನವೇ ಬ್ಲಾಕಿನ ಶೆಡ್ಡಿಗೆ ಬಂದರು. ನಾನಿದ್ದೆ.

"ಎಂತ ಮಾರಾಯ್ರೆ ನೀವು! ಮೊದಲೇ ಗೊತ್ತಿದ್ರೆ ನಮ್ಮ ಮನೆಯ ಎಂಟೂ ವೋಟು ನಿಮಗೇ ಅಲ್ವಾ?"

"ಅದಕ್ಕೇ ಹೇಳ್ಲಿಲ್ಲ," ಎಂದ ತಮ್ಮ. "ಈಗ ಬಂದದ್ದು ಬ್ಲಾಕಿಗಾ, ಚರಂಡಿಗಾ?"

ಅವರು ಬಂದದ್ದು ಅಳಲಿಕ್ಕೆ ಎಂದು ನನಗೆ ಗೊತ್ತಾಯಿತು. ಚಾ ಕೊಟ್ಟು ಕಳಿಸಿದೆ.

ಚರಂಡಿ ಆಯಿತು. ಅವಧಿ ಮುಗಿಯಿತು. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ, ಕಾಲಿನ ವಿಷಯ ಈಗ ಬೇಕಾದರೆ ಹೇಳು ಎಂದಿದ್ದಾನೆ. ಅದಕ್ಕೇ ಬರೆದೆ. ಓದಿದವರು ಅವನ ಹತ್ತಿರ ಹೋಗುವುದಾದರೆ ಬ್ಲಾಕ್ ತೆಗೆದುಕೊಳ್ಳಲು ಹೋಗಿ. ಅಳುವುದಕ್ಕೆ ಹೋಗಬೇಡಿ, ನಾನು ಈಗಲೂ ವಾರಕ್ಕೆ ಎರಡು ದಿನ ಅಲ್ಲಿರುತ್ತೇನೆ.