ನಾದಿನಿಯ ಗಿರಣಿ ನಾಟಕ

ಹೊಟ್ಟೆಕಿಚ್ಚಿನ ವಿಷಯವನ್ನು ಸುತ್ತಿ ಬಳಸಿ ಬರೆಯಬಾರದು. ನನ್ನ ನಾದಿನಿ ನನಗಿಂತ ಚೆನ್ನಾಗಿ ನಾಟಕ ಬರೆದಳು, ನನಗೆ ಹೊಟ್ಟೆ ಉರಿಯಿತು. ಇಷ್ಟೇ. ಆದರೆ ಆ ಉರಿಯಲ್ಲಿ ನಾನೊಂದು ಕೆಲಸ ಮಾಡಿದೆ. ಅದನ್ನು ಮನೆಯಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಎಂ.ಎ. ಮಾಡಿದ್ದೆ, ಆ ಎರಡಕ್ಷರದ ಕೊಬ್ಬೂ ಬೇಕಾದಷ್ಟಿತ್ತು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಏಳೆಂಟು ಜನ ಸೇರುತ್ತಿದ್ದೆವು. ಕೂಡ್ಲಿಗಿಯಿಂದ ಇಬ್ಬರು ಮೇಷ್ಟ್ರು ಬರುತ್ತಿದ್ದರು, ಹಗರಿಬೊಮ್ಮನಹಳ್ಳಿಯಿಂದ ಲೈಬ್ರರಿ ನೋಡಿಕೊಳ್ಳುವವರೊಬ್ಬರು, ಉಳಿದವರು ಊರವರೇ. ಈಗಿನವರು ಬರೆದ ಕಿರುನಾಟಕವೊಂದನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅದರ ಸೊಗಸು ಹೇಳುವುದು. ಕೊನೆಯ ಮಾತು ಮಾತ್ರ ನನ್ನದೇ. "ಟೀಚರ್ ಏನಂತಾರ ಕೇಳೋಣು" ಎಂದು ಎಲ್ಲರೂ ನನ್ನ ಕಡೆ ತಿರುಗಿದಾಗ ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ನಾನೇ ಬರೆದವೂ ಏಳು ನಾಟಕಗಳಿದ್ದವು. ಮೊದಲನೆಯದನ್ನು ಹರಪನಹಳ್ಳಿಯಲ್ಲಿ ಆಡಿಸಿದಾಗ ಆದ ಫಜೀತಿ ಹೇಳಲೇಬೇಕು. ಇಪ್ಪತ್ತೈದು ನಿಮಿಷಕ್ಕೆ ನಾಟಕ ಮುಗಿಯಿತು, ಪರದೆ ಬಿತ್ತು, ಹುಡುಗಿಯರು ಬಣ್ಣ ತೊಳೆದುಕೊಂಡರು. ಹೊರಗೆ ಬಂದು ನೋಡಿದರೆ ಜನ ಕೂತಲ್ಲೇ ಕೂತಿದ್ದಾರೆ, ಒಬ್ಬರೂ ಏಳವಲ್ಲರು. ಮುಂದಿನ ಸಾಲಿನ ಹಿರಿಯರೊಬ್ಬರಿಗೆ "ಮುಗೀತ್ರಿ ಯಜಮಾನ್ರೆ" ಎಂದೆ. "ಅದೆಂಗ್ ಮುಗೀತೈತಮ್ಮ? ಮಂಗಳ ಎಲ್ಲಿ ಹಾಡಿದ್ರಿ?" ಎಂದು ನನಗೇ ದಬಾಯಿಸಿದರು. ಪಾತ್ರದವರೆಲ್ಲ ಸಾಲಾಗಿ ನಿಂತು ದೇವರಿಗೊಂದು ಮಂಗಳಪದ ಹಾಡುವವರೆಗೆ ನಮ್ಮ ಕಡೆ ಯಾವ ಆಟವೂ ಮುಗಿದ ಲೆಕ್ಕವಲ್ಲ. ಕೊನೆಗೆ ತೊಳೆದ ಮುಖದಲ್ಲೇ ಹುಡುಗಿಯರನ್ನು ವಾಪಸ್ ನಿಲ್ಲಿಸಿ ಹಾಡಿಸಿದೆ. ಜನ ಕೈಮುಗಿದು ಎದ್ದು ಹೋದರು. ಅಂದಿನಿಂದ ನನ್ನ ಎಲ್ಲ ನಾಟಕಕ್ಕೂ ಮಂಗಳ ಕಡ್ಡಾಯವಾಯಿತು.

ನಾದಿನಿಯನ್ನು ಹಡಗಲಿ ತಾಲ್ಲೂಕಿನ ಹಿರೇಹಡಗಲಿಗೆ ಕೊಟ್ಟಿತ್ತು. ಓದಿದ್ದು ಎಂಟನೇ ಕ್ಲಾಸು. ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಮ್ಮ ಅತ್ತೆ ತೀರಿಕೊಂಡ ಮೇಲೆ ಅವಳಿಗೆ ತವರು ಅಂದರೆ ನಮ್ಮ ಮನೆಯೇ. ಬಂದಾಗಲೆಲ್ಲ ಭಾನುವಾರದ ಓದನ್ನು ಅಡುಗೆಮನೆ ಬಾಗಿಲಲ್ಲಿ ಕೂತು ಕೇಳುವಳು, ಹೋಗುವಾಗ ಒಂದೆರಡು ಪುಸ್ತಕ ಚೀಲಕ್ಕೆ ಹಾಕಿಕೊಳ್ಳುವಳು. ಓದಿ ಏನು ಮಾಡುತ್ತಾಳೆ ಎಂದು ನಾನು ಕೇಳಿದವಳೇ ಅಲ್ಲ.

ಒಂದು ಸಲ ಬಂದವಳು ನೂರು ಪುಟದ ನೋಟ್‌ಬುಕ್ಕೊಂದನ್ನು ಸೆರಗಿನ ಮರೆಯಿಂದ ತೆಗೆದಳು.

"ಅತ್ತಿಗಿ, ನಾನೂ ಒಂದು ಬರ್ದೀನಿ. ನಗಬಾರ್ದು ಮತ್ತ."

"ಅಯ್ಯ ಶಿವನ! ನೀನು?"

"ಹಡಗಲ್ಯಾಗ ಹೆಣ್ಮಕ್ಳದು ಕಿರುನಾಟಕ ಸ್ಪರ್ಧಿ ಐತಂತಲ್ರಿ. ನಮ್ಮೂರ ಹೆಂಗಸ್ರು ಇದನ್ನ ಆಡೋಣು ಅಂತಾರ. ನೀವು ಹೂಂ ಅಂದ್ರ ಆಡ್ತೀವಿ, ಇಲ್ಲಾಂದ್ರ ಇಲ್ಲ."

ಆ ಸ್ಪರ್ಧೆಗೆ ನನ್ನ ನಾಟಕವೂ ಇತ್ತು. ಅವಳಿಗೂ ಅದು ಗೊತ್ತಿತ್ತು.

ಅವಳು ಸಂತೆಗೆ ಹೋದಾಗ ಓದಲು ಕೂತೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದೇ. ನಾಟಕದಲ್ಲಿ ಇಬ್ಬರೇ ಹೆಂಗಸರು. ಕರೆಂಟ್ ಹೋಗಿ ಗಿರಣಿ ನಿಂತಿದೆ. ಗಿರಣಿಯವಳು ಮತ್ತು ಜೋಳ ಬೀಸಿಸಲು ಬಂದ ವಯಸ್ಸಾದವಳು ಕಾಯುತ್ತ ಕೂತಿದ್ದಾರೆ. ವಯಸ್ಸಾದವಳಿಗೆ ಏನೋ ಹೇಳುವುದಿದೆ. ಮೂರು ಸಲ ಬಾಯಿ ತೆರೆಯುತ್ತಾಳೆ. ಮೂರು ಸಲವೂ ಯಾರೋ ಹಣಕಿ "ಕರೆಂಟ್ ಬಂತೇನು?" ಎಂದು ಕೇಳಿ ಹೋಗುತ್ತಾರೆ. ಮಾತು ಮಳೆಗೆ, ಮೊಮ್ಮಕ್ಕಳಿಗೆ, ಮೊಣಕಾಲು ನೋವಿಗೆ ಹೊರಳುತ್ತದೆ. ಕೊನೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಹೇಳಲು ಶುರು ಮಾಡುತ್ತಾಳೆ, ಅದೇ ಗಳಿಗೆಗೆ ಕರೆಂಟ್ ಬರುತ್ತದೆ. ಗಿರಣಿ ಹೊರಡುತ್ತದೆ. ಅವಳ ತುಟಿ ಆಡುತ್ತಿದೆ, ನಮಗೆ ಒಂದಕ್ಷರ ಕೇಳುವುದಿಲ್ಲ. ಗಿರಣಿಯವಳು ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಾಳೆ. ಅಷ್ಟಕ್ಕೇ ನಾಟಕ ಮುಗಿಯುತ್ತದೆ.

ನನ್ನ ಕೆಂಪು ಪೆನ್ನಿನ ಟೋಪಿ ಕೂಡ ತೆಗೆದಿರಲಿಲ್ಲ. ವರ್ಷಗಟ್ಟಲೆ ಕೂತು ಬೇರೆಯವರ ನಾಟಕಗಳ ಸೊಗಸು ಹೇಳಿದವಳು ನಾನು, ಒಳ್ಳೆಯದು ಯಾವುದು ಎಂದು ಗೊತ್ತಾಗದಷ್ಟು ದಡ್ಡಿಯಲ್ಲ. ಗೊತ್ತಾಗದಿದ್ದರೆ ಎಷ್ಟೋ ಚೆನ್ನಾಗಿತ್ತು! ನನ್ನ ಏಳೂ ನಾಟಕಗಳಲ್ಲಿ ಪಾತ್ರಗಳು ಒಂದೇ ಸಮನೆ ವಟವಟ ಮಾತಾಡುತ್ತವೆ, ಹೇಳಬೇಕಾದ್ದನ್ನೂ ಹೇಳಬಾರದ್ದನ್ನೂ ಎಲ್ಲ ಹೇಳಿಬಿಡುತ್ತವೆ. ಈ ಎಂಟನೇ ಕ್ಲಾಸಿನವಳು, ಹುಬ್ಬಿನ ಮೇಲೂ ಹಿಟ್ಟು ಕೂತಿರುವವಳು, ಇದನ್ನು ಎಲ್ಲಿ ಕಲಿತಳು? ನನ್ನ ಮನೆಯ ಬಾಗಿಲಲ್ಲಿ ಕೂತು, ನನ್ನ ಪುಸ್ತಕ ಒಯ್ದು, ನನ್ನ ಮಂಡಕ್ಕಿ ತಿಂದು ಕಲಿತಳಲ್ಲ ಎಂದು ಮೈಯೆಲ್ಲ ಉರಿಯಿತು.

ಸಾಯಂಕಾಲ ನನ್ನ ಯಜಮಾನರೂ ಓದಿದರು. ಒಮ್ಮೆ ಓದಿ, ಮತ್ತೆ ಮೊದಲಿಂದ ಓದಿದರು. ನನ್ನ ನಾಟಕಗಳಿಗೆ "ಹೂಂ, ಚೆನ್ನಾಗೈತಿ" ಎಂದು ಪೇಪರಿಗೆ ಕೈ ಹಾಕುವ ಮನುಷ್ಯ, ಅವತ್ತು ಪೇಪರ್ ಮುಟ್ಟಲೇ ಇಲ್ಲ. ನೋಟ್‌ಬುಕ್ ಮುಚ್ಚಿ, "ಇದನ್ನ ಏನೂ ತಿದ್ದಾಕ ಹೋಗಬ್ಯಾಡಲೇ" ಎಂದು ನನಗೆ ಹೇಳಿ ಹಿತ್ತಲಿಗೆ ಹೋದರು. ತಂಗಿ ಬರೆದದ್ದಕ್ಕೆ ಇಷ್ಟು ಸಂಭ್ರಮವೇ ಎಂದು ನಾನು ಹಲ್ಲು ಕಚ್ಚಿದೆ. ಅವರು ಹಾಗೆ ಹೇಳದಿದ್ದರೆ ಒಂದು ವೇಳೆ ತಿದ್ದುತ್ತಿರಲಿಲ್ಲವೇನೋ, ಎಂದು ಈಗ ತಪ್ಪನ್ನು ಅವರ ತಲೆಗೆ ಕಟ್ಟಬಹುದು. ಅದೂ ಸುಳ್ಳೇ.

ಮರುದಿನ ಬೆಳಿಗ್ಗೆ ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಟೀಚರ್ ಮುಖ ಮಾಡಿದೆ.

"ಎಲ್ಲಾ ಚಂದೈತಿ. ಕೊನಿ ಮಾತ್ರ ಸರಿ ಬಂದಿಲ್ಲ ನೋಡು."

"ಹೌದೇನ್ರಿ? ಗಿರಣಿ ಸಪ್ಪಳಾನ ಕ್ಯಾಸೆಟ್ಟಿಗೆ ತುಂಬಿಸೀನ್ರಿ ಅತ್ತಿಗಿ, ನಮ್ಮ ಗಿರಣೀದs. ಜೋರು ಕೇಳ್ತೈತಿ."

"ಅದs ತಪ್ಪು. ಜನ ಮಾತು ಕೇಳಾಕ ಬಂದಿರ್ತಾರ, ಗಿರಣಿ ಸಪ್ಪಳ ಕೇಳಾಕಲ್ಲ. ಹರಪನಹಳ್ಳ್ಯಾಗ ನನ್ನ ನಾಟ್ಕ ಮುಗುದ್ರೂ ಜನ ಏಳಲಿಲ್ಲ, ಮರ್ತಿಯೇನು? ಗಿರಣಿ ನಿಲ್ಲಿಸು. ಆಕಿ ಏನು ಹೇಳ್ತಾಳ ಅನ್ನೋದು ಕೇಳಲಿ. ಆಮ್ಯಾಲೆ ಮಂಗಳ ಹಾಡಿಸು."

"ಆಕಿ ಏನು ಹೇಳ್ಬೇಕ್ರಿ ಹಂಗಾರ?"

ಆ ಪ್ರಶ್ನೆ ಕೇಳುವಾಗ ಅವಳ ಮುಖ ಒಂಥರಾ ಆಗಿತ್ತು. ನಾನು ಗಮನಿಸಿದೆ, ಗಮನಿಸಿಯೂ ಬಿಟ್ಟೆ.

"ವಯಸ್ಸಾದಾಕಿನ್ನ ತಾಯಿ ಮಾಡು, ಗಿರಣಿಯಾಕಿನ್ನ ಮಗಳು ಮಾಡು. ಜನ ಅಳ್ತಾರ. 'ನಾ ಹೋದ ಮ್ಯಾಲೆ ಅಣ್ಣ ಅತ್ತಿಗೀನ ನಿನಗ ತಂದಿ ತಾಯಿ, ಅವ್ರು ಹೇಳಿದಂಗ ಕೇಳ್ಕೊಂಡಿರವ್ವ' ಅನ್ಲಿ."

ಇಂಥ ಮಾತನ್ನು ಭಾನುವಾರದ ಓದಿನಲ್ಲಿ ಯಾರಾದರೂ ಬರೆದು ತಂದಿದ್ದರೆ ನಾನೇ ಮೂಗು ಮುರಿದು ಕಳಿಸುತ್ತಿದ್ದೆ. ನಾಚಿಕೆಯಿಲ್ಲದೆ ನಾದಿನಿಗೆ ಹೇಳಿಕೊಟ್ಟೆ, ಅದರಲ್ಲೂ ನನ್ನದೇ ದೊಡ್ಡಸ್ತಿಕೆ ಸೇರಿಸಿ. ಅವಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದಕ್ಷರ ಬಿಡದೆ ಬರೆದುಕೊಂಡಳು. "ಓದಿದಾರು ನೀವು, ನಿಮಗ ಗೊತ್ತಿರತೈತಿ" ಎಂದು ಮೊದಲ ಬಸ್ಸಿಗೇ ಊರಿಗೆ ಹೋದಳು.

ಹಡಗಲಿಯ ಸ್ಪರ್ಧೆಯ ದಿನ ಹಾಲು ಕುಡಿದಷ್ಟು ಖುಷಿಯಾಗಿರಬೇಕಿತ್ತು ನನಗೆ. ಆಗಲಿಲ್ಲ. ಅವರ ನಾಟಕ ಶುರುವಾಯಿತು. ಮೊದಲಿನ ಇಪ್ಪತ್ತು ನಿಮಿಷ ಆ ಸಭೆಯಲ್ಲಿ ಒಂದು ಕೂಸೂ ಅಳಲಿಲ್ಲ. ವಯಸ್ಸಾದವಳು ಮೂರನೇ ಸಲ ಬಾಯಿ ತೆರೆದಾಗ ನನ್ನ ಪಕ್ಕದ ಹೆಂಗಸು "ಹೇಳಬೇ, ಹೇಳಿಬಿಡು" ಎಂದು ಗಟ್ಟಿಯಾಗಿಯೇ ಅಂದಳು. ನನ್ನ ನಾಟಕ ನೋಡುತ್ತ ಯಾರೂ ಹೀಗೆ ಕೂಗಿರಲಿಲ್ಲ. ಹಾಳಾಗಲಿ, ಇದರ ಕೊನೆ ಬೇಗ ಬರಲಿ ಎಂದು ಕಾದೆ. ಬಂತು. ತಾಯಿ ನಾನು ಹೇಳಿಕೊಟ್ಟ ಮಾತು ಹೇಳಿದಳು. ಕೆಲವರು ಮೂಗು ಒರೆಸಿಕೊಂಡರು, ಕೆಲವರು ಚಪ್ಪಲಿ ಹುಡುಕಿಕೊಂಡರು. ಮಂಗಳವಾಯಿತು, ಎಲ್ಲರೂ ಎದ್ದರು.

ತೀರ್ಪು ಹೇಳಲು ಬಂದಿದ್ದವರು ಹರಪನಹಳ್ಳಿಯ ಕಡೆಯ ರಿಟೈರ್ಡ್ ಲೆಕ್ಚರರೊಬ್ಬರು. ಪ್ರತಿ ನಾಟಕದ ಸೊಗಸನ್ನೂ ಎರಡೆರಡು ಮಾತಿನಲ್ಲಿ ಹೇಳಿದರು. ಗಿರಣಿಯ ನಾಟಕಕ್ಕೆ ಬಂದಾಗ ಕನ್ನಡಕ ತೆಗೆದು, "ಇಪ್ಪತ್ತು ನಿಮಿಷ ಇಂಥಾ ನಾಟಕ ನಾನು ಬಾಳ ವರ್ಷದಿಂದ ನೋಡಿಲ್ಲ. ಕೊನೇದು ಮಾತ್ರ ಬೇರೆ ಯಾರೋ ಬರೆದಂಗದೆ" ಎಂದರು. ನನ್ನ ಕಿವಿ ಕಾದು ಕೆಂಪಾದವು. ಮೊದಲ ಬಹುಮಾನ ನನಗೇ ಬಂತು. ಅವಳ ನಾಟಕಕ್ಕೆ ಏನೂ ಬರಲಿಲ್ಲ. ನಾನು ವೇದಿಕೆ ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಅವಳೇ.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಸುಮ್ಮನೆ ಏನಾದರೂ ಮಾತಾಡಬೇಕಲ್ಲ ಎಂದು, "ಅದೇನು ಗಿರಣಿ ನಾಟ್ಕ ಬರೀಬೇಕು ಅನಿಸ್ತು ನಿನಗ?" ಎಂದು ಕೇಳಿದೆ.

"ಅವ್ವಂದ್ರಿ ಅದು" ಎಂದಳು. "ಅವ್ವ ತೀರಿಕೊಳ್ಳೋ ಹದಿನೈದು ದಿನ ಮುಂಚೆ ನಮ್ಮೂರಿಗೆ ಬಂದಿದ್ಲಲ್ರಿ. ಹಿಂಗs ಕರೆಂಟ್ ಹೋಗಿತ್ತು, ಇಬ್ರೂ ಗಿರಣ್ಯಾಗ ಕುಂತಿದ್ವಿ. ಏನೋ ಹೇಳಾಕ ಹೋಗೋದು, ಬಿಡೋದು ಮಾಡಿದ್ಲು. ಕಡೀಕೆ ಹೇಳಾಕ ಹತ್ತಿದ್ಲು, ಕರೆಂಟ್ ಬಂತು. ನನಗ ಒಂದೂ ಕೇಳಲಿಲ್ಲ. ಗಿರಾಕಿ ನಿಂತಿದ್ರು. ಕೇಳಿದಂಗ ಮಾಡಿ ಹೂಂ ಹೂಂ ಅಂದೆ. ಆಮ್ಯಾಲೆ ಕೇಳಿದ್ರಾತು ಅಂದ್ಕೊಂಡೆ."

ನಾನು ಹನ್ನೆರಡು ವರ್ಷ ಒಂದೇ ಸೂರಿನಡಿ ಬಾಳಿದ ಅತ್ತೆ. ಮೊಣಕಾಲು ನೀವಿಕೊಳ್ಳುತ್ತ ಮಾತು ಹೊರಳಿಸುವ ಅದೇ ಹೆಂಗಸು. ಗಂಡ ಎರಡು ಸಲ ಓದಿ ಹಿತ್ತಲಿಗೆ ಎದ್ದು ಹೋದದ್ದು ಯಾಕೆಂದು ಆಗ ತಿಳಿಯಿತು. ನೋಟ್‌ಬುಕ್ಕಿನಲ್ಲಿ ಸಾಲು ಸಾಲಿಗೂ ಅತ್ತೆ ಕೂತಿದ್ದರು, ಹೊಟ್ಟೆಕಿಚ್ಚಿನಲ್ಲಿ ನನಗೆ ಗುರುತೇ ಸಿಕ್ಕಿರಲಿಲ್ಲ.

"ಈಗೇನಾಗೇತಿ ಗೊತ್ತೇನ್ರಿ?" ಎಂದಳು. "ತಿಂಗಳಾನಗಟ್ಲೆ ಪ್ರಾಕ್ಟೀಸ್ ಮಾಡಿ ಮಾಡಿ, ಅವ್ವನ ನೆನಸಿದ್ರ ಆ ಮಾತs ಕೇಳ್ತೈತಿ. ಅಣ್ಣ ಅತ್ತಿಗೀನ ತಂದಿ ತಾಯಿ ಅಂತ. ಅದನ್ನs ಅಂದಿರಬೇಕು ಬಿಡು ಅಂತ ಸಮಾಧಾನ ಮಾಡ್ಕೊಂತೀನಿ."

"ನೀನು ಮೊದ್ಲು ಬರದಿದ್ದs ಚಂದಿತ್ತವ್ವ" ಎಂದುಬಿಟ್ಟೆ.

ಅವಳು ತಟಕ್ಕನೆ ತಿರುಗಿದಳು. "ಅವತ್ತs ನಿಮಗ ಹಂಗ ಅನಿಸಿತ್ತೇನ್ರಿ ಅತ್ತಿಗಿ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಹಿರೇಹಡಗಲಿ ಬಸ್ಸು ಬಂದು ನಿಂತಿತು, ಜನ ನುಗ್ಗತೊಡಗಿದರು, ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಇಲ್ಲ" ಎಂದೆ. "ಇವತ್ತು ನೋಡಿದ ಮ್ಯಾಲೆ ಅನಿಸ್ತು."

ಅವಳ ಮುಖ ಸಡಿಲಾಯಿತು. ನನ್ನ ಕೈ ಹಿಡಿದು ಅದುಮಿದಳು.

"ಹೋಗ್ಲಿ ಬಿಡ್ರಿ, ನೀವ್ಯಾಕ ಮನಸಿಗೆ ಹಚ್ಕೊಂತೀರಿ? ಅಷ್ಟು ಓದಿದ ನಿಮಗs ಗೊತ್ತಾಗಿಲ್ಲಾಂದ್ರ, ನನಗೆಂಗ ಗೊತ್ತಾಗ್ಬೇಕು" ಎಂದು ಹೇಳಿ ಬಸ್ ಹತ್ತಿದಳು.